ಅಪ್‌ಡೇಟ್: ಮೇವನ್ ಜಾರ್‌ನ 'ನೋ ಸೂಟಬಲ್ ಡ್ರೈವರ್' ಸರಿಹೋಯ್ತು

ಐಡಿಇಯಲ್ಲಿ (ಕೋಡ್ ಬರೆದು ಓಡಿಸುವ ಸಾಫ್ಟ್‌ವೇರ್) ಚೆನ್ನಾಗಿ ಓಡುವ ಜಾವಾ ಪ್ರಾಜೆಕ್ಟ್, ಬಿಲ್ಡ್ ಟೂಲ್ ಮೇವನ್‌ನ ಶೇಡ್ ಪ್ಲಗಿನ್‌ನಿಂದ ಎಲ್ಲ ಲೈಬ್ರರಿಗಳನ್ನೂ ಸೇರಿಸಿ ಒಂದೇ ಜಾರ್ (ಜಾವಾ ಕೋಡ್ ಕಟ್ಟಿಟ್ಟ ಜಿಪ್‌ನಂಥ ಫೈಲ್) ಮಾಡಿದ ಮೇಲೆ 'ನೋ ಸೂಟಬಲ್ ಡ್ರೈವರ್', ಅಂದರೆ ಡೇಟಾಬೇಸ್‌ಗೆ ತಕ್ಕ ಡ್ರೈವರ್ ಸಿಗಲಿಲ್ಲ, ಎನ್ನುತ್ತಿದೆ ಅಂತ ಕೇಳಿದ್ದೆ. ಈಗ ಸರಿಯಾಗಿದೆ. ಜಾರ್ ಒಳಗೆ ಬಿಚ್ಚಿ ನೋಡಿ ಅಂದವರಿಗೆ ಥ್ಯಾಂಕ್ಸ್.

ಡ್ರೈವರ್ (ಡೇಟಾಬೇಸ್ ಜೊತೆ ಮಾತಾಡುವ ಲೈಬ್ರರಿ) ಕ್ಲಾಸ್‌ಗಳು ಜಾರ್‌ನಲ್ಲೇ ಇದ್ದವು. ತೊಂದರೆ ಇದ್ದದ್ದು ಜಾರ್‌ನ ಮಾಹಿತಿ ಇಡುವ ಮೆಟಾ-ಇನ್ಫ್ ಫೋಲ್ಡರ್ ಒಳಗಿನ ಸರ್ವೀಸಸ್ ಫೋಲ್ಡರ್‌ನಲ್ಲಿ. ಅಲ್ಲಿ 'ಜಾವಾ.ಎಸ್‌ಕ್ಯುಎಲ್.ಡ್ರೈವರ್' ಅಂತ ಒಂದು ಪುಟ್ಟ ಫೈಲ್ ಇರುತ್ತದೆ. ಯಾವ ಡ್ರೈವರ್ ಲೋಡ್ ಆಗಬೇಕು ಅನ್ನೋದು ಜಾವಾಗೆ ಗೊತ್ತಾಗುವುದು ಅದರಿಂದ. ನಮ್ಮ ಪ್ರಾಜೆಕ್ಟ್‌ನಲ್ಲಿ ಮೈಎಸ್‌ಕ್ಯುಎಲ್, ಪೋಸ್ಟ್‌ಗ್ರೆಸ್ ಎಂಬ ಎರಡು ಡೇಟಾಬೇಸ್‌ಗಳ ಡ್ರೈವರ್‌ಗಳೂ ಇವೆ, ಎರಡಕ್ಕೂ ಅದೇ ಹೆಸರಿನ ಫೈಲ್. ಜಾರ್ ಒಂದಾದಾಗ ಒಂದು ಮಾತ್ರ ಉಳಿದಿತ್ತು. ಪೋಸ್ಟ್‌ಗ್ರೆಸ್ ಸಾಲು ಮಾಯ! ಐಡಿಇಯಲ್ಲಿ ಜಾರ್‌ಗಳು ಬೇರೆ ಬೇರೆಯಾಗೇ ಇರುತ್ತವೆ, ಅದಕ್ಕೇ ಅಲ್ಲಿ ಕಾಟವಿರಲಿಲ್ಲ.

ಪಾಮ್ ಫೈಲ್‌ನಲ್ಲಿ (ಮೇವನ್‌ನ ಸೆಟ್ಟಿಂಗ್ಸ್ ಫೈಲ್) ಶೇಡ್ ಕಾನ್ಫಿಗರೇಶನ್‌ಗೆ, ಇಂಥ ಒಂದೇ ಹೆಸರಿನ ಸರ್ವೀಸಸ್ ಫೈಲ್‌ಗಳನ್ನು ಒಂದಾಗಿ ಕೂಡಿಸುವ ಸರ್ವೀಸಸ್‌ರಿಸೋರ್ಸ್‌ಟ್ರಾನ್ಸ್‌ಫಾರ್ಮರ್ ಸೇರಿಸಿ, ಮತ್ತೆ ಜಾರ್ ಕಟ್ಟಲು 'ಎಂವಿಎನ್ ಕ್ಲೀನ್ ಪ್ಯಾಕೇಜ್' ಕಮಾಂಡ್ ಕೊಟ್ಟೆ. ಈಗ ಅನ್‌ಜಿಪ್ ಮಾಡಿದರೆ ಆ ಫೈಲ್‌ನಲ್ಲಿ ಎರಡೂ ಸಾಲು ಇವೆ.

'ಸುಮ್ನೆ ಕ್ಲಾಸ್.ಫಾರ್‌ನೇಮ್ ಹಾಕಿಬಿಡಿ', ಅಂದರೆ ಕೋಡ್‌ನಲ್ಲೇ ಡ್ರೈವರ್ ಹೆಸರು ಹೇಳಿ ಲೋಡ್ ಮಾಡಿಸಿ, ಎಂಬ ಸಲಹೆಯೂ ಕೆಲಸ ಮಾಡುತ್ತದೆ. ಆದರೆ ನಾಳೆ ಇನ್ನೊಂದು ಲೈಬ್ರರಿಗೆ ಇದೇ ಗತಿ ಬಂದರೆ? ಹಾಗಾಗಿ ಬಿಟ್ಟೆ. ಅಂದಹಾಗೆ, ಒಂದೇ ಹೆಸರಿನ ಫೈಲ್‌ಗಳು ಸಿಕ್ಕಾಗ ಶೇಡ್ 'ಓವರ್‌ಲ್ಯಾಪಿಂಗ್ ರಿಸೋರ್ಸ್' ಅಂತ ಎಚ್ಚರಿಕೆ ಕೊಟ್ಟೇ ಇರುತ್ತದೆ. ಅಷ್ಟುದ್ದ ಲಾಗ್‌ನಲ್ಲಿ ಅದು ಯಾರ ಕಣ್ಣಿಗೆ ಬೀಳುತ್ತದೆ, ಅಲ್ವಾ?