ಬೌಂಡರಿ ಲೇಯರ್‌ಗೆ ‘ಗಡಿ ಪದರ’ ಸರಿಯಾ? ಅದರ ದಪ್ಪಕ್ಕೆ ಏನನ್ನೋಣ?

ಗೆಳೆಯರೇ,

ಡಿಪ್ಲೊಮಾ ಹುಡುಗರಿಗೆ ಗಾಳಿ ಸುರಂಗದ ಪ್ರಯೋಗದ ಟಿಪ್ಪಣಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬೌಂಡರಿ ಲೇಯರ್, ಅಂದರೆ ಮೈಗೆ ತಾಗಿ ಹರಿಯುವ, ವೇಗ ತಗ್ಗಿದ ಗಾಳಿಯ ತೆಳು ಪದರ, ಅದರ ಹತ್ತಿರ ಬಂದು ನಿಂತುಬಿಟ್ಟೆ. ‘ಗಡಿ ಪದರ’ ಅಂತ ಬರೆದರೆ ಹುಡುಗರು ಕೇಳುವುದು ಒಂದೇ, ಗಡಿ ಎಲ್ಲಿದೆ ತೋರಿಸಿ ಅಂತ.

ತೋರಿಸಲು ಆಗುವುದಿಲ್ಲ, ಅದೇ ತೊಂದರೆ. ಚಪ್ಪಟೆ ಹಲಗೆಯ ಮೇಲೆ ಸೆಕೆಂಡಿಗೆ 5 ಮೀಟರ್ ವೇಗದ ಗಾಳಿ ನಯವಾಗಿ ಹರಿಯುತ್ತಿದೆ ಅಂದುಕೊಳ್ಳಿ. ಮುಂದಿನ ತುದಿಯಿಂದ 1 ಮೀಟರ್ ದೂರದಲ್ಲಿ ಗಾಳಿಯ ವೇಗ ಅಳೆಯುವ ಹಾಟ್‌ವೈರ್ ಸೂಜಿಯನ್ನು ಮೆಲ್ಲಗೆ ಮೇಲೆತ್ತುತ್ತಾ ಹೋಗಿ. ಹಲಗೆಗೆ ಅಂಟಿದ ಗಾಳಿ ಕದಲುವುದೇ ಇಲ್ಲ. 3 ಮಿ.ಮೀ. ಮೇಲೆ ವೇಗ ಸೆಕೆಂಡಿಗೆ ಸುಮಾರು 2.8 ಮೀಟರ್, 5 ಮಿ.ಮೀ.ಗೆ 4.1, 7ಕ್ಕೆ 4.8. ಆಮೇಲೆ ಏರುವುದು ಎಷ್ಟು ನಿಧಾನ ಅಂದರೆ ಇಲ್ಲಿಗೆ ಮುಗಿಯಿತು ಅನ್ನುವ ಜಾಗವೇ ಸಿಗುವುದಿಲ್ಲ. ಹಾಗಾಗಿ ವೇಗ ಹೊರಗಿನ ಗಾಳಿಯ ವೇಗದ 99% ಮುಟ್ಟಿದ ಕಡೆ, ಅಂದರೆ ಸುಮಾರು 8.5 ಮಿ.ಮೀ. ಹತ್ತಿರ, ನಾವೇ ಒಂದು ಬಾಂದು ಕಲ್ಲು ನೆಟ್ಟು ಅದನ್ನೇ ದಪ್ಪ ಅನ್ನುತ್ತೇವೆ.

ವಿಮಾನದ ರೆಕ್ಕೆಯಂಥ ಬಾಗಿದ ಮೈ ಮೇಲೆ ಆ ಕಲ್ಲೂ ನಿಲ್ಲುವುದಿಲ್ಲ. ಅಲ್ಲಿ ಪದರದ ಹೊರಗಿನ ವೇಗವೇ ಒಂದೇ ಸಮ ಇರುವುದಿಲ್ಲ, ಅಲ್ವಾ, ಯಾವುದರ 99% ಹಿಡಿಯುವುದು? ಅದಕ್ಕೇ ವೋರ್ಟಿಸಿಟಿ, ಅಂದರೆ ಗಾಳಿಯ ಸುತ್ತುವಿಕೆ, ಎಲ್ಲಿ ಬತ್ತಿಹೋಗುತ್ತದೆ ಅಂತ ನೋಡುವುದೂ ಇದೆ.

1904ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಈ ಪದರದ ಕಲ್ಪನೆಯನ್ನು ಮಂಡಿಸಿದವರು ಜರ್ಮನ್ ವಿಜ್ಞಾನಿ ಪ್ರಾಂಟ್ಲ್. ಜರ್ಮನ್ ಪದ ‘ಗ್ರೆನ್ಸ್‌ಶಿಖ್ಟ್’, ಅಕ್ಷರಶಃ ಗಡಿ ಪದರವೇ. ಆದರೂ ನನ್ನ ಒಲವು ‘ಅಂಚಿನ ಪದರ’ದ ಕಡೆಗೆ. ಗಡಿ ಬರೀ ಗೆರೆ, ಅಂಚಿಗೆ ಅಗಲ ಇದೆ. ಸೀರೆಗೆ ಎರಡು ಬೆರಳಿನ ಅಂಚು ಅನ್ನುತ್ತೇವಲ್ಲ, ಹಾಗೆ. ದಪ್ಪದ ಬದಲು ‘ಮಂದ’ ಅನ್ನಲೂ ಆಸೆ. ಮಂದ ಅಂದರೆ ದಪ್ಪವೂ ಹೌದು, ನಿಧಾನವೂ ಹೌದು, ಈ ಪದರಕ್ಕೆ ಎರಡೂ ಒಪ್ಪುತ್ತದೆ. ಆದರೆ ಅಳತೆಯ ಮಾತಿನಲ್ಲಿ ಎರಡು ಅರ್ಥ ಬೇಡ ಅಂತ ದಪ್ಪವನ್ನೇ ಉಳಿಸಿಕೊಂಡೆ.

ನಿಜವಾಗಿ ಸಿಕ್ಕಿಕೊಂಡಿರುವುದು ಡಿಸ್‌ಪ್ಲೇಸ್‌ಮೆಂಟ್ ಥಿಕ್‌ನೆಸ್‌ನಲ್ಲಿ. ನಿಧಾನದ ಗಾಳಿ ಹೊರಗಿನ ಹರಿವನ್ನು ಆಚೆ ತಳ್ಳುತ್ತದೆ, ಮೇಲಿನ ಉದಾಹರಣೆಯಲ್ಲಿ ಹಲಗೆಯೇ 3 ಮಿ.ಮೀ. ಮೇಲೆದ್ದ ಹಾಗೆ. ಪಕ್ಕದ ಹೊಲದವನು ಬೇಲಿ ಸರಿಸಿದಂತೆಯೇ ಇದು, ಅದಕ್ಕೆ ‘ಒತ್ತುವರಿ ದಪ್ಪ’ ಅಂತ ಬರೆದಿದ್ದೇನೆ. ಒತ್ತುವರಿ ಅಂದರೆ ಜಮೀನಿನ ತಕರಾರೇ ಜಾಸ್ತಿ ನೆನಪಾಗುತ್ತದಾ? ‘ಸರಿಕೆ ದಪ್ಪ’ ವಾಸಿಯಾ?

ಇನ್ನೊಂದು ಕೇಳಬೇಕು. ಹರಿಗೋಲು ನಡೆಸುವವರು ದಂಡೆ ಪಕ್ಕದ ನಿಧಾನದ ನೀರಿಗೆ ನಿಮ್ಮ ಕಡೆ ಏನನ್ನುತ್ತಾರೆ? ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಊರಿನ ಹೆಸರಿನ ಜೊತೆ ಬರೆಯಿರಿ.