ಮನಿ ಪ್ಲಾಂಟ್ ಹಳದಿಯಾಗುತ್ತಿದೆ, ನೀರು ಹಾಕಿದರೂ ಜೋತು ಬೀಳುತ್ತಿದೆ

ಮಾಟುಂಗಾ ಕಿಟಕಿ:
ಹಾಲ್‌ನಲ್ಲಿ ಟೀವಿ ಮೇಲಿನ ಶೆಲ್ಫಿನಲ್ಲಿ ಮನಿ ಪ್ಲಾಂಟ್ ಇಟ್ಟಿದ್ದೇನೆ. ಮೇ ತನಕ ಬಳ್ಳಿ ಚೆನ್ನಾಗಿ ಇಳಿಬಿದ್ದಿತ್ತು. ಜುಲೈ ಬಂದದ್ದೇ ತಡ, ಬುಡದ ಎಲೆಗಳು ಒಂದೊಂದಾಗಿ ಹಳದಿಯಾಗಿ ಉದುರುತ್ತಿವೆ. ಉಳಿದವು ಜೋತು ಬಿದ್ದಿವೆ. ಬಾಯಾರಿರಬೇಕು ಅಂತ ದಿನಾ ಒಂದು ಲೋಟ ನೀರು ಹಾಕುತ್ತಿದ್ದೇನೆ. ನಮ್ಮ ಯಜಮಾನರು ಕಬ್ಬಿಣದ ಅಂಶ ಕಮ್ಮಿ, ಗೊಬ್ಬರ ಹಾಕು ಅನ್ನುತ್ತಾರೆ. ಹಾಕಲಾ?

ಮುಲುಂಡ್ ತಾರಸಿ:
ಬೇಡ. ಕಬ್ಬಿಣ ಕಮ್ಮಿಯಾದರೆ ಮೊದಲು ಹಳದಿಯಾಗುವುದು ಹೊಸ ಚಿಗುರು, ಬುಡದ ಎಲೆಯಲ್ಲ. ನೀರನ್ನೂ ಇವತ್ತಿಗೇ ನಿಲ್ಲಿಸಿ. ಕುಂಡದ ತಳದಲ್ಲಿ ತೂತು ಇದೆಯಾ?

ಮಾಟುಂಗಾ ಕಿಟಕಿ:
ಇದೆ. ಆದರೆ ಚೆಂದಕ್ಕೆ ಅಂತ ಅದನ್ನು ಪಿಂಗಾಣಿ ಕುಂಡದೊಳಗೆ ಕೂರಿಸಿದ್ದೆ. ಈಗ ಎತ್ತಿ ನೋಡಿದರೆ ಕೆಳಗೆ ಎರಡು ಬೆರಳು ನೀರು ನಿಂತಿದೆ! ವಾಸನೆ ಬೇರೆ. ಸಣ್ಣ ಕರಿ ನೊಣಗಳೂ ಎದ್ದವು.

ಮುಲುಂಡ್ ತಾರಸಿ:
ಕಳ್ಳ ಸಿಕ್ಕ. ಗಿಡ ಬಾಯಾರಿಲ್ಲ ಅಕ್ಕಾ, ಮುಳುಗಿದೆ. ಬೇರಿಗೂ ಗಾಳಿ ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರೇ ತುಂಬಿಕೊಂಡರೆ ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರೆಳೆಯುವುದಿಲ್ಲ, ಹಾಗಾಗಿ ನೀರಲ್ಲೇ ನಿಂತರೂ ಎಲೆ ಜೋತು ಬೀಳುತ್ತದೆ. ಅದನ್ನು ನೋಡಿ ನಾವು ಇನ್ನೊಂದು ಲೋಟ ಸುರಿಯುತ್ತೇವೆ! ಮುಂಬೈ ಮಳೆಯಲ್ಲಿ ಒಗೆದ ಬಟ್ಟೆಯೇ ಮೂರು ದಿನ ಒಣಗುವುದಿಲ್ಲ, ಇನ್ನು ಕುಂಡದ ಮಣ್ಣು ಒಣಗುತ್ತಾ?

ಗಿಡ ಹೊರಗೆ ತೆಗೆದು, ಬೇರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡಿ. ಒಳ್ಳೆ ಬೇರು ಬೆಳ್ಳಗೆ, ಗಟ್ಟಿಯಾಗಿರುತ್ತದೆ. ಕೊಳೆತದ್ದಾದರೆ ನೆನೆಸಿದ ಅವರೆಕಾಳು ಹಿತುಕಿದ ಹಾಗೆ ಸಿಪ್ಪೆ ಜಾರಿ ಬರುತ್ತದೆ, ಒಳಗೆ ದಾರದಂಥ ಎಳೆ ಮಾತ್ರ ಉಳಿಯುತ್ತದೆ. ಅಂಥದ್ದನ್ನೆಲ್ಲ ಕತ್ತರಿಸಿ. ಹಳೇ ಮಣ್ಣು ಬಿಸಾಕಿ. ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಪರ್ಲೈಟ್ (ನೀರು ಬಸಿಯಲು ಬೆರೆಸುವ ಹಗುರ ಬಿಳಿ ಕಲ್ಲಿನ ಹರಳು) ಸಮಸಮ ಬೆರೆಸಿ ನೆಡಿ. ಪರ್ಲೈಟ್ ಸಿಗದಿದ್ದರೆ ದಪ್ಪ ಮರಳು ಸಾಕು. ಬೇರು ಕಮ್ಮಿಯಾಗಿರುತ್ತದೆ ಅಲ್ವಾ, ಕುಂಡವೂ ಚಿಕ್ಕದಿರಲಿ.

ಯಾವುದಕ್ಕೂ ಇರಲಿ ಅಂತ ಬಳ್ಳಿಯ ಎರಡು ತುಂಡು ನೀರಿನ ಬಾಟಲಿಯಲ್ಲಿಡಿ. ಗಿಣ್ಣಿನ, ಅಂದರೆ ಬಳ್ಳಿಯಲ್ಲಿ ಎಲೆ ಹುಟ್ಟುವ ಗಂಟಿನ, ಕೆಳಗೆ ಕತ್ತರಿಸಬೇಕು. ಹೊಸ ಬೇರು ಒಡೆಯುವುದು ಅಲ್ಲಿಂದಲೇ. ಗಿಣ್ಣಿಲ್ಲದ ಬರೀ ಎಲೆ ಇಟ್ಟರೆ ಸುಮ್ನೆ ಕಾಯಬೇಕಷ್ಟೆ.

ದಾದರ್ ಬೆಕ್ಕು:
ಮನೆಯಲ್ಲಿ ಬೆಕ್ಕು, ನಾಯಿ ಇದ್ದರೆ ಕತ್ತರಿಸಿದ ತುಂಡು ನೆಲದ ಮೇಲೆ ಬಿಡಬೇಡಿ. ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಹರಳಿರುತ್ತದೆ. ಅಗಿದರೆ ಬಾಯಿ ಉರಿದು ಜೊಲ್ಲು ಸುರಿಯುತ್ತದೆ. ನಮ್ಮನೆ ಬೆಕ್ಕು ಒಂದು ಸಲ ಕಲಿಯಿತು, ನಾನೂ ಕಲಿತೆ.

ಮಾಟುಂಗಾ ಕಿಟಕಿ:
ಮೂರು ವಾರ ಆಯ್ತು. ಮುಕ್ಕಾಲು ಪಾಲು ಬೇರು ಹೋಗಿತ್ತು. ಬಾಟಲಿಯ ತುಂಡುಗಳಲ್ಲಿ ಬೆರಳುದ್ದದ ಬಿಳಿ ಬೇರು ಬಂದಿದೆ. ಕುಂಡದ ಗಿಡವೂ ಸುರುಳಿ ಸುತ್ತಿದ ಒಂದು ಚಿಗುರು ಬಿಟ್ಟಿದೆ. ಈಗ ಎರಡು ಗೆಣ್ಣು ಬೆರಳು ಇಳಿಸಿ, ಒಣಗಿದ್ದರೆ ಮಾತ್ರ ನೀರು. ಆದರೆ ಹೊಸ ಎಲೆಯಲ್ಲಿ ಹಳದಿ ಪಟ್ಟೆಯೇ ಇಲ್ಲ, ಪೂರ್ತಿ ಹಸಿರು. ಯಾಕೆ?

ಮುಲುಂಡ್ ತಾರಸಿ:
ಬೆಳಕು ಸಾಲದು. ಶೆಲ್ಫಿನಿಂದ ಕಿಟಕಿ ಹತ್ತಿರಕ್ಕೆ ತನ್ನಿ. ನೇರ ಬಿಸಿಲು ಬೇಡ, ಎಲೆ ಸುಡುತ್ತದೆ.

ಮಾಟುಂಗಾ ಕಿಟಕಿ:
ತಂದಿಟ್ಟೆ. ಪಿಂಗಾಣಿ ಕುಂಡದಲ್ಲಿ ಈಗ ಯಜಮಾನರ ಛತ್ರಿ ನಿಂತಿದೆ.