ಅಜ್ಜನ ರೈಫಲ್‌ನ ನಳಿಗೆ ಉಬ್ಬಿದೆ, ಮನೆಯಲ್ಲೇ ಸರಿಮಾಡಬಹುದೇ?

ತೋಟದವನು, ಚನ್ನಗಿರಿ:
ಅಜ್ಜನ ಕಾಲದ 315 ರೈಫಲ್, ಇಶಾಪುರ ಕಾರ್ಖಾನೆಯದು. ಲೈಸೆನ್ಸ್ ಈಗ ನನ್ನ ಹೆಸರಿನಲ್ಲಿದೆ. ಅಟ್ಟದಲ್ಲಿದ್ದಾಗ ಕಣಜವೊಂದು ನಳಿಗೆಯೊಳಗೆ ಮಣ್ಣಿನ ಗೂಡು ಕಟ್ಟಿತ್ತು. ನೋಡದೆ, ಹಂದಿ ಬೆದರಿಸಲೆಂದು ಒಂದು ಗುಂಡು ಹಾರಿಸಿಬಿಟ್ಟೆ. ಬಾಯಿಯಿಂದ ನಾಲ್ಕು ಬೆರಳು ಹಿಂದೆ ಉಂಗುರದಂತೆ ಉಬ್ಬಿದೆ. ದಾವಣಗೆರೆಯಲ್ಲಿ ಪರಿಚಯದವರೊಬ್ಬರು, ‘ಉಬ್ಬಿದಷ್ಟನ್ನು ಮನೆಯಲ್ಲೇ ಗರಗಸದಿಂದ ಕತ್ತರಿಸು, ಸಾಕು’ ಎಂದರು. ಅನುಭವವಿದ್ದವರು ಹೇಳಿ. ಕಾನೂನು ಪಾಠ ಬೇಡ.

ಕರಿಕೋಟು:
‘ಕಾನೂನು ಪಾಠ ಬೇಡ’ ಎನ್ನುವವರೇ ಮೊದಲು ನಮ್ಮ ಕಚೇರಿಯ ಬೆಂಚಿನ ಮೇಲೆ ಕೂರುವುದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಂ ಓದಿ. ಅದಕ್ಕೆಂದೇ ಪಡೆದ ಲೈಸೆನ್ಸ್ ಇಲ್ಲದೆ ಯಾರೂ ನಳಿಗೆಯನ್ನು ಮೊಟಕುಗೊಳಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ. ಅಷ್ಟು ವರ್ಷ ನಿಮ್ಮ ಅಡಿಕೆ ಯಾರು ಕೊಯ್ಯುತ್ತಾರೆ?

ಲೇತ್ ಅಣ್ಣ, ದಾವಣಗೆರೆ:
‘ಮೊಟಕು’ ತಾನೇ ತಪ್ಪು? ಹಾಗಾದರೆ ಮೊಟಕು ಮಾಡುವುದೇ ಬೇಡ. ಕಾಯಿಸಿ, ಒಳಗೆ ಸರಳು ತೂರಿಸಿ, ಮೇಲಿನಿಂದ ತಟ್ಟಿದರೆ ಉಬ್ಬು ಕೂರುತ್ತದೆ. ಮೂವತ್ತು ವರ್ಷದಿಂದ ಕಬ್ಬಿಣದ ಜೊತೆ ಬದುಕಿದ್ದೇನೆ.

ಮೆಕ್ಯಾನಿಕಲ್ ಮೇಷ್ಟ್ರು:
ಅದು ಹಿತ್ತಾಳೆ ಕೊಡವಲ್ಲ ಸ್ವಾಮಿ, ತಟ್ಟಿ ನೇರ ಮಾಡಲು. ಉಕ್ಕು ಒಮ್ಮೆ ಹಿಗ್ಗಿ ಹಾಗೆಯೇ ನಿಂತಿತೆಂದರೆ ತನ್ನ ಮಿತಿ ದಾಟಿದೆ ಎಂದರ್ಥ. ಕಣ್ಣಿಗೆ ಕಾಣದ ಬಿರುಕು ಇರಬಹುದು. ಕಾಯಿಸಿದರೆ ಇದ್ದ ಹದವೂ ಹೋಗುತ್ತದೆ. ಗುಂಡು ಸಿಡಿಯುವಾಗ ನಳಿಗೆಯ ಬುಡದಲ್ಲಿ ಏಳುವ ಒತ್ತಡ ಕಾರಿನ ಚಕ್ರದ ಗಾಳಿಯ ಸಾವಿರ ಪಟ್ಟಿನ ಆಸುಪಾಸು. ಕೆನ್ನೆಯ ಪಕ್ಕದಲ್ಲಿ ಇದನ್ನು ಇಟ್ಟುಕೊಳ್ಳುವವರು ನೀವಲ್ಲವಲ್ಲ.

ಲೇತ್ ಅಣ್ಣ:
‘ಬುಡದಲ್ಲಿ’ ಎಂದು ನೀವೇ ಬರೆದಿದ್ದೀರಿ. ಉಬ್ಬಿರುವುದು ಬಾಯಿಯ ಹತ್ತಿರ. ಚಿತ್ರದುರ್ಗದ ನಾಯಕರ ಕಾಲದಲ್ಲಿ ಕೋವಿ ರಿಪೇರಿ ಮಾಡಿದವರು ಯಾವ ಕಾಲೇಜಿಗೆ ಹೋಗಿದ್ದರು? ಕೋಟೆಯೊಳಗೆ ಮದ್ದು ಬೀಸುವ ಕಲ್ಲುಗಳಿವೆ, ಹೋಗಿ ನೋಡಿ. ಆನೆ ಕಟ್ಟಿ ತಿರುಗಿಸುತ್ತಿದ್ದರು.

ದುರ್ಗದ ಕಲ್ಲು:
ಆನೆಯೇ? ನಾಲ್ಕು ಬೀಸುವ ಕಲ್ಲುಗಳಿರುವ ಆ ಗುಂಡಿಯ ಸುತ್ತ ಆನೆ ಹೇಗೆ ತಿರುಗುತ್ತದೆ? ತಿರುಗಿಸಿದ್ದು ಎತ್ತುಗಳು. ನಾನು ಹುಟ್ಟಿದ್ದೇ ಕೋಟೆಯ ಬುಡದಲ್ಲಿ.

ಲೇತ್ ಅಣ್ಣ:
ಗೈಡ್ ಆನೆ ಎಂದೇ ಹೇಳಿದ. ಹತ್ತು ಜನರ ಮುಂದೆ ಹೇಳಿದ.

ದುರ್ಗದ ಕಲ್ಲು:
ಗೈಡ್ ನಿಮ್ಮ ಮುಖ ನೋಡಿ ಆನೆ ಹೇಳಿದ್ದಾನೆ. ದಾವಣಗೆರೆಯವರು ಬೆಣ್ಣೆದೋಸೆಯ ವಿಷಯ ಮಾತನಾಡಲಿ, ನಾವು ತಲೆಬಾಗಿ ಕೇಳುತ್ತೇವೆ.

ಲೇತ್ ಅಣ್ಣ:
ಅಷ್ಟು ಮದ್ದು ಬೀಸಿಯೂ 1779ರಲ್ಲಿ ಕೋಟೆಯನ್ನು ಹೈದರಾಲಿಗೆ ಬಿಟ್ಟುಕೊಟ್ಟಿರಲ್ಲ!

ದುರ್ಗದ ಕಲ್ಲು:
‘ಬಿಟ್ಟುಕೊಟ್ಟಿರಿ’ ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಿ. ಒನಕೆ ಹಿಡಿದು ಕಿಂಡಿಯಲ್ಲಿ ನಿಂತವಳ ಊರು ಇದು. ಏಳು ಸುತ್ತಿನ ಕೋಟೆ ಬಿದ್ದದ್ದು ಒಳಗಿನವರ ದ್ರೋಹದಿಂದ.

ಕರಿಕೋಟು:
ಒನಕೆಗೆ ಲೈಸೆನ್ಸ್ ಬೇಡ. ರೈಫಲ್‌ಗೆ ಬೇಕು. ಕಾಯಿಸಿ ತಟ್ಟುವುದೂ ರಿಪೇರಿಯೇ. 5ನೇ ಕಲಂ ಪ್ರಕಾರ ರಿಪೇರಿ ಮಾಡುವವನಿಗೂ ಲೈಸೆನ್ಸ್ ಇರಬೇಕು. ಲೇತ್ ಅಣ್ಣನವರೇ, ತಮ್ಮದು ಇದೆಯೇ?

ಲೇತ್ ಅಣ್ಣ:
ನಾನು ಮಾಡುತ್ತೇನೆ ಎಂದು ಎಲ್ಲಿ ಬರೆದೆ? ಆಗುತ್ತದೆ ಎಂದೆ. ಆನೆಯ ಮಾತಿಗೂ ಇನ್ನೂ ಉತ್ತರ ಬಂದಿಲ್ಲ.

ಮೆಕ್ಯಾನಿಕಲ್ ಮೇಷ್ಟ್ರು:
ಆನೆಯಾಗಲಿ ಎತ್ತಾಗಲಿ, ಬೀಸಿದ್ದು ಕರಿಮದ್ದು. ಈ ರೈಫಲ್‌ನ ತೋಟಾದಲ್ಲಿರುವುದು ಹೊಗೆಯಿಲ್ಲದ ಮದ್ದು. ಅದರ ಒತ್ತಡವೇ ಬೇರೆ.

ದುರ್ಗದ ಕಲ್ಲು:
‘ಆನೆಯಾಗಲಿ’ ಎಂದರೇನು ಮೇಷ್ಟ್ರೇ? ಎತ್ತು.

ಹಳೇ ಕೋವಿ, ಹೊಳಲ್ಕೆರೆ:
ಒಂದು ಮಾತು. ಕತ್ತರಿಸುವುದು ಮೂಲತಃ ತಪ್ಪು ವಿಧಾನವೇನಲ್ಲ. ಉಬ್ಬು ಬಾಯಿಯ ಹತ್ತಿರವಿದ್ದರೆ ಪರವಾನಗಿ ಪಡೆದ ಕುಶಲಿಗರು ಅದನ್ನೇ ಮಾಡುವುದುಂಟು. ಆದರೆ ಬಾಯಿಯ ಅಂಚು ಕೂದಲೆಳೆಯಷ್ಟು ಓರೆಯಾದರೂ ಗುಂಡು ಅಡ್ಡ ಹೋಗುತ್ತದೆ. ಗರಗಸದಿಂದ ಮನೆಯಲ್ಲಿ ಅದು ಆಗುವ ಕೆಲಸವಲ್ಲ.

ಲೇತ್ ಅಣ್ಣ:
‘ತಪ್ಪು ವಿಧಾನವೇನಲ್ಲ’. ಎಲ್ಲರೂ ಓದಿಕೊಳ್ಳಿ.

ಕರಿಕೋಟು:
‘ಪರವಾನಗಿ ಪಡೆದ’. ಅದನ್ನೂ ಓದಿಕೊಳ್ಳಿ.

ತೋಟದವನು:
ನಾನು ಕೇಳಿದ್ದು ನಳಿಗೆಯ ವಿಷಯ, ನೀವು ಆನೆ ಮೇಯಿಸುತ್ತಿದ್ದೀರಿ. ಕೋವಿ ಅಂಗಡಿಯೊಂದಕ್ಕೆ ಫೋನ್ ಮಾಡಿದೆ. ನೋಡದೆ ಏನೂ ಹೇಳುವುದಿಲ್ಲ, ಲೈಸೆನ್ಸ್ ಪುಸ್ತಕ ಸಮೇತ ತನ್ನಿ, ಅಲ್ಲಿಯವರೆಗೆ ತೋಟಾ ತುಂಬಬೇಡಿ ಎಂದರು. ವಕೀಲರ ಮಾತಿಗೆ ಹೆದರಿ ಹೋಗುತ್ತಿಲ್ಲ. ಹೇಗೂ ಭೀಮಸಮುದ್ರದ ಮಂಡಿಯಲ್ಲಿ ಕೆಲಸವಿದೆ, ಅಲ್ಲಿಂದ ಹಾಗೆಯೇ ಹೋಗಿಬರುತ್ತೇನೆ.

ದುರ್ಗದ ಕಲ್ಲು:
ಭೀಮಸಮುದ್ರದವರೆಗೆ ಬಂದವರು ಕೋಟೆಗೂ ಬನ್ನಿ. ಆ ಗುಂಡಿಯನ್ನು ಅಳತೆ ಮಾಡಿ ಇಲ್ಲಿ ಹಾಕಿ.

ಲೇತ್ ಅಣ್ಣ:
ಟೇಪ್ ನಾನು ಕೊಡುತ್ತೇನೆ. ಅವರ ಟೇಪ್ ನಂಬಬೇಡಿ.